ಅವ್ವನ ಪಾಸಿಟಿವ್ ರಿಪೋರ್ಟು

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ದಾವಣಗೆರೆಯಲ್ಲಿ ಅವ್ವನ ಎದೆಯ ಕ್ಯಾನ್ಸರ್ ಗಡ್ಡೆ ತೆಗೆಸಿ ಹದಿನೈದು ದಿನ. ಮೊಳಕಾಲ್ಮೂರಿನ ಗಂಡನ ಮನೆಯಿಂದ ನಾಲ್ಕು ತಿಂಗಳ ಮಗಳನ್ನು ಎತ್ತಿಕೊಂಡು ನಾನು ಚಳ್ಳಕೆರೆಗೆ ಬಂದಿದ್ದೆ, ಅವ್ವನ ಆರೈಕೆಗೆ. ಆರೈಕೆ ಹೆಸರಿಗೆ ಮಾತ್ರ. ಒಂದು ಕೈ ಎತ್ತಲಾಗದಿದ್ದರೂ ಅವ್ವ ಇನ್ನೊಂದು ಕೈಯಲ್ಲಿ ಮಗುವನ್ನು ತೊಡೆಗೆಳೆದುಕೊಂಡು, ತನ್ನ ತವರಿನ ತೆಲುಗಿನಲ್ಲಿ "ರಾ ಬುಜ್ಜಿ, ರಾ" ಎಂದು ಮುದ್ದು ಮಾಡುತ್ತಿದ್ದಳು. "ನಿನ್ನ ಮಗ್ಳು ನಿನ್ನಂಗೇ ಹಟಮಾರಿ ಕಣೇ" ಎಂದು ನನ್ನನ್ನು ಛೇಡಿಸುವುದು ಬೇರೆ.

ದಾವಣಗೆರೆ ಆಸ್ಪತ್ರೆಯಿಂದ ಅವ್ವನ ರಿಪೋರ್ಟು ಬಂದ ದಿನ ಅಪ್ಪ ಶೇಂಗಾ ಮಂಡಿಯಿಂದ ಮಧ್ಯಾಹ್ನವೇ ಮನೆಗೆ ಬಂದ. ನನ್ನನ್ನು ಹಿತ್ತಲಿಗೆ ಕರೆದು ಕಾಗದ ತೋರಿಸಿದ. ಇಂಗ್ಲಿಷಿನಲ್ಲಿ ಏನೇನೋ ಇತ್ತು. ನಮ್ಮಿಬ್ಬರಿಗೂ ಅರ್ಥವಾದದ್ದು ಒಂದೇ ಪದ, ಪಾಸಿಟಿವ್.

"ಆಪರೇಷನ್ನಾಗೆ ರಕ್ತ ಹಾಕಿದ್ರಲ್ಲ, ಅದ್ರಾಗೇ ಬಂದೈತೆ. ನಿಮ್ಮವ್ವಂಗೆ ಹೇಳ್ಬ್ಯಾಡ" ಎಂದ.

ಆಗ ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಯವರೆಗೆ ಗೋಡೆಗಳ ತುಂಬ ಏಡ್ಸ್‌ನದ್ದೇ ಬರಹ. ಪಾಸಿಟಿವ್ ಅಂದರೆ ನಮಗೆ ಅದೊಂದೇ. ಮುಟ್ಟಿದರೆ ಹರಡುವುದಿಲ್ಲ ಎಂದೂ ಅದೇ ಗೋಡೆಯ ಮೇಲಿತ್ತು, ಓದಿದ್ದೆ. ಪಿಯುಸಿ ಪಾಸಾದ ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಒಳಗೆ ಹೋಗಿ ಮಗುವನ್ನು ಅವ್ವನ ತೊಡೆಯಿಂದ ಎತ್ತಿಕೊಂಡೆ. "ಹಾಲು ಕುಡಿಸ್ಬೇಕು" ಎಂದೆ. ಆಮೇಲೆ ಮೂರು ದಿನ ನಿದ್ದೆ, ಸ್ನಾನ, ಶೀತ, ಏನೋ ಒಂದು ನೆಪ. ಅವ್ವ ಕೈ ಚಾಚುತ್ತಿದ್ದಳು, ನಾನು ಕಾಣದವಳಂತೆ ಅಡುಗೆಮನೆಗೆ ನಡೆಯುತ್ತಿದ್ದೆ. ಅಪ್ಪ ಮಾತ್ರ ಎಂದೂ ಇಲ್ಲದವನು ಅವ್ವನ ತಟ್ಟೆಯಲ್ಲೇ ಮುದ್ದೆ ಮುರಿದು ತಿನ್ನತೊಡಗಿದ. "ಇದೇನ್ರೀ ಸರಸ, ಈ ವಯಸ್ಸಿನಾಗೆ" ಎಂದು ಅವ್ವ ನಾಚಿಕೊಂಡಳು. ನನಗೆ ಆ ತಟ್ಟೆಯತ್ತ ನೋಡಲೂ ಆಗುತ್ತಿರಲಿಲ್ಲ.

ನಾಲ್ಕನೇ ದಿನ ಎಲ್ಲರೂ ದಾವಣಗೆರೆಗೆ ಹೋದೆವು. ಡಾಕ್ಟರಮ್ಮ ಕಾಗದ ನೋಡಿ, "ಒಳ್ಳೇದೇ ಆಯ್ತಲ್ಲ!" ಎಂದರು. "ಇದು ಹೆಣ್ಣಿನ ಹಾರ್ಮೋನು ಸಿಕ್ಕರೆ ಬೆಳೆಯೋ ಗಡ್ಡೆ. ಹಾರ್ಮೋನು ಬಂದು ಕೂರೋ ಜಾಗ ಅದರಲ್ಲಿದೆ, ಪಾಸಿಟಿವ್ ಅಂದ್ರೆ ಅಷ್ಟೇ. ಆ ಜಾಗದಲ್ಲಿ ಅಡ್ಡ ಕೂರೋ ಮಾತ್ರೆ ಇದೆ. ದಿನಕ್ಕೊಂದು, ಐದು ವರ್ಷ."

"ಹಂಗಾದ್ರೆ ಏಡ್ಸ್ ಅಲ್ವೇನ್ರಿ?" ಅಪ್ಪ ಕೇಳಿಯೇಬಿಟ್ಟ. ಅಲ್ಲವೆಂದ ಕೂಡಲೇ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತ.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಆ ಜಾಗವನ್ನು ಕಟ್ಟುವ, ಹೆತ್ತವರಿಂದ ಮಕ್ಕಳಿಗೆ ಇಳಿದುಬರುವ ಜೀನು ಒಬ್ಬೊಬ್ಬರಲ್ಲಿ ತುಸು ಬೇರೆಯಾಗಿರುತ್ತದಂತೆ. ಅದರಿಂದ ಯಾರಿಗೆ ಎಷ್ಟು ಅಪಾಯ ಎಂದು ಇನ್ನೂ ಹುಡುಕುತ್ತಿದ್ದಾರಂತೆ. ಬಂದೇ ಬರುತ್ತದೆಂದಲ್ಲ, ಆದರೆ ತಾಯಿಗೆ ಬಂದಮೇಲೆ ಮಗಳು ಎಚ್ಚರವಾಗಿರಬೇಕು ಎಂದರು. ಅಲ್ಲಿಯವರೆಗೆ ಗಟ್ಟಿಯಾಗಿ ಕೂತಿದ್ದ ಅವ್ವನ ಮುಖ ಬಿಳಿಚಿಕೊಂಡಿತು. "ನಂದು ಬಿಡ್ರಿ. ಮೊದ್ಲು ಇವ್ಳನ್ನ ನೋಡ್ರಿ" ಎಂದು ನನ್ನ ರಟ್ಟೆ ಹಿಡಿದು ಮುಂದೆ ತಳ್ಳಿದಳು.

ಹೊರಗೆ ಬೆಂಚಿನ ಮೇಲೆ ಕೂತಾಗ ಮೆಲ್ಲಗೆ ಕೇಳಿದಳು: "ಅದ್ಕೇ ಏನೇ, ಕೂಸನ್ನ ನನ್ ಕೈಗೆ ಕೊಡ್ತಿರ್ಲಿಲ್ಲ?"

ನಾಚಿಕೆಯಿಂದ ಸತ್ತೇಹೋಗಬೇಕು ಅನ್ನಿಸಿತು. ಅವ್ವ ಸೆರಗಿನಿಂದ ನನ್ನ ಮೂಗು ಒರೆಸಿದಳು.

"ಸುಮ್ಕಿರು, ಅಳ್ಬ್ಯಾಡ. ನೀನು ಕೂಸಾಗಿದ್ದಾಗ ನಮ್ಮವ್ವಂಗೆ ಆ ರೋಗ ಐತೆ ಅಂದಿದ್ರೆ, ನಾನೂ ನಿನ್ನ ಅವ್ಳ ಕೈಗೆ ಕೊಡ್ತಿರ್ಲಿಲ್ಲ."