ನಾನು ತಪ್ಪಿಸಿದ ಬೋಣಿ

ಹುನಗುಂದದ ಹತ್ತಿರ ನಾನು ವಿಜ್ಞಾನ ಕಲಿಸುವ ಶಾಲೆಗೆ ಕಳೆದ ವರ್ಷ ಬಿಸ್ಕತ್ತಿನ ಕಂಪನಿಯೊಂದು ಪೌಷ್ಟಿಕ ಆಹಾರದ ಪಾಠ ಮಾಡಿಸಲು ಬಂತು. ಬಣ್ಣದ ಚಾರ್ಟು, ಮಕ್ಕಳಿಗೆ ಟೋಪಿ, ನನಗೆ ಎರಡು ದಿನ ತರಬೇತಿ, ಜೊತೆಗೆ ಶಾಲೆಗೆ ಕೈ ತೊಳೆಯುವ ಸಾಲು ನಲ್ಲಿ. ನಲ್ಲಿ ನೋಡಿ ನಾನು ಮರುಳಾದೆ. ಬಿಡಿಯಾಗಿ ಮಾರುವುದನ್ನು ತಿನ್ನಬಾರದು, ಪೊಟ್ಟಣದ್ದೇ ಶುದ್ಧ ಎಂದು ಮಕ್ಕಳ ಬಾಯಲ್ಲಿ ಮೂರು ಸಲ ಹೇಳಿಸಿದವಳೂ ನಾನೇ.

ನಮ್ಮ ಗೇಟಿನಲ್ಲಿ ಬಿಡಿಯಾಗಿ ಮಾರುತ್ತಿದ್ದವಳು ಒಬ್ಬಳೇ, ಡಬ್ಬಿಯಲ್ಲಿ ಶೇಂಗಾ ಉಂಡೆ ತರುವ ಮುದುಕಿ. ಆ ಡಬ್ಬಿಯಿಂದಲೇ ಅವಳ ಹೊಟ್ಟೆ ತುಂಬಬೇಕು. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಮೊದಲ ಉಂಡೆ ಕೊಂಡು ಅವಳ ಬೋಣಿ ಮಾಡುತ್ತಿದ್ದವಳು ನಾನು. ನನ್ನ ಕೈಯಿಂದ ಬೋಣಿಯಾದರೆ ಡಬ್ಬಿ ಬೇಗ ಖಾಲಿಯಾಗುತ್ತದೆಂದು ಅವಳ ನಂಬಿಕೆ. ಪಾಠದ ಮರುದಿನ ಅವಳ ಮುಖ ನೋಡಲಾಗದೆ ಹಿಂದಿನ ಬಾಗಿಲಿನಿಂದ ಶಾಲೆ ಸೇರಿದೆ. ಅದೇ ರೂಢಿಯಾಯಿತು. ಮಕ್ಕಳು ಅಂಗಡಿಯ ಬಿಸ್ಕತ್ತಿಗೆ ತಿರುಗಿದರು. ಮೂರನೆಯ ವಾರ ಮುದುಕಿ ಬರಲಿಲ್ಲ.

ಎರಡು ದಿನ ಕಂಪನಿಯನ್ನು ಬೈದೆ. ಮೂರನೆಯ ದಿನ ನನ್ನನ್ನೇ ಬೈದುಕೊಂಡು ಅವಳ ಮನೆಗೆ ಹೋದೆ. ಒಲೆ ತಣ್ಣಗಿತ್ತು. ಇಳಕಲ್ಲಿನ ಹೋಟೆಲಿನವನಿಗೆ, ಪಾತ್ರೆ ತೊಳೆಯಲು ಸೋಮವಾರದಿಂದ ಬರುತ್ತೇನೆಂದು ಹೇಳಿಕಳಿಸಿದ್ದಳಂತೆ. ಆ ವಯಸ್ಸಿನಲ್ಲಿ.

“ಅಕ್ಕಾರ, ನೀವ ಬೋಣಿ ಬಿಟ್ರಿ. ಉಂಡಿ ಕೆಟ್ಟಾವೇನೋ ಅಂತ ನಾನ ತಿಂದ ನೋಡಿದ್ನಿ, ಛಲೋನ ಇದ್ವು. ನನ್ನಿಂದ ಏನ ತಪ್ಪಾತ್ರಿ?”

ನನಗೆ ನಾಚಿಕೆಯಿಂದ ಸತ್ತಂತಾಯಿತು.

“ತಪ್ಪು ನಿಂದಲ್ಲ ಯವ್ವಾ, ನಂದು. ನಾಳಿ ಒಂದ ದಿನ ಬಾ.”

ಬಂದಳು. ಪ್ರಾರ್ಥನೆಗೆ ಮುಂಚೆ, ಮಕ್ಕಳೆಲ್ಲ ನೋಡುತ್ತಿರುವಾಗ, ಮುಂದಿನ ಗೇಟಿನಲ್ಲಿ ನಿಂತು ಉಂಡೆ ಕೊಂಡು ಅಲ್ಲೇ ತಿಂದೆ. ಅವಳು ನಾಣ್ಯವನ್ನು ಕಣ್ಣಿಗೊತ್ತಿಕೊಂಡಳು. ತರಗತಿಯಲ್ಲಿ ಬಿಸ್ಕತ್ತಿನ ಪೊಟ್ಟಣದ ಹಿಂಬದಿಯನ್ನು ಮಕ್ಕಳಿಂದಲೇ ಓದಿಸಿದೆ. ಸಕ್ಕರೆಯಿಂದ ಹಿಡಿದು ಹೆಸರು ಹೇಳಲು ನಾಲಿಗೆ ಹೊರಳದ ಪದಾರ್ಥಗಳವರೆಗೆ ಉದ್ದ ಪಟ್ಟಿ. ಅದನ್ನು ಹಲಗೆಗೆ ಬರೆಸಿ, ಪಕ್ಕದಲ್ಲಿ ಉಂಡೆಯದು ಶೇಂಗಾ, ಬೆಲ್ಲ, ಯಾಲಕ್ಕಿ ಎಂದಷ್ಟೇ ಬರೆದು, ನಾನು ಕಲಿಸಿದ್ದು ತಪ್ಪು ಎಂದೆ. ಮಕ್ಕಳಿಗೆ ಟೀಚರ್ ತಪ್ಪಿದ್ದು ಉಂಡೆಗಿಂತ ರುಚಿಸಿತು.

ಮಧ್ಯಾಹ್ನದ ಬಿಡುವು ಮುಗಿಯುವ ಮೊದಲೇ ಡಬ್ಬಿ ಖಾಲಿ. ಮುದುಕಿ ಅದನ್ನು ಕಂಪನಿಯ ನಲ್ಲಿಯಲ್ಲೇ ತೊಳೆಯುತ್ತ ಕೂತಿದ್ದಳು. ನಾನು ಹತ್ತಿರ ಹೋಗಿ ಡಬ್ಬಿಯ ಮುಚ್ಚಳ ತೊಳೆದುಕೊಟ್ಟೆ.

“ನೀರ ಭಾಳ ಛಲೋ ಬರ್ತಾವ್ರಿ ಇಲ್ಲಿ,” ಅಂದಳು. “ಹೋಟೆಲಿನವಗ ಬ್ಯಾರೆ ಯಾರನ್ನರ ನೋಡ್ಕೋ ಅಂತ ಹೇಳ್ತೇನಿ.”