ಶೇಖವ್ವನ ಜೋಡಿ ಎಲೆ

ಸವಣೂರಿನ ಶೇಖವ್ವ ನಲವತ್ತು ವರ್ಷ ವೀಳ್ಯದೆಲೆ ಮಾರಿದವಳು. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಸಂತೆಗಳಿಗೆ ಬುಟ್ಟಿ ಹೊತ್ತು ತಿರುಗಿದವಳಿಗೆ ಹುಬ್ಬಳ್ಳಿಯಾಚೆಯ ಲೋಕದ ಗೊಡವೆಯೇ ಇರಲಿಲ್ಲ. ಆದರೆ ನೇಪಾಳದಲ್ಲಿ ಬೋರ್‌ವೆಲ್ ಗಾಡಿಯ ಮೇಲೆ ದುಡಿಯುವ ಮೊಮ್ಮಗ ಫಕ್ಕೀರೇಶ ಅಲ್ಲಿಯ ಹುಡುಗಿಯನ್ನೇ ಒಪ್ಪಿಕೊಂಡು ಕೂತ. ನಿಶ್ಚಯಕ್ಕೆ ಹಿರಿಯರು ಬೇಕು. ಮುದುಕಿ ಫೋನಿನಲ್ಲೇ ಹೇಳಿಬಿಟ್ಟಳು: “ಎಲಿ ಕೈ ಬದಲಾಗೂತನಕ ಅದು ಮಾತಲ್ಲೋ, ಬರೇ ಗಾಳಿ. ತೊಟ್ಟು, ತುದಿ ಮುಕ್ಕಾಗದ ಜೋಡಿ ಎಲಿ, ನಮ್ಮ ಸವಣೂರದ್ದ, ನಾನ ತರ್ತೇನಿ.”

ಜೊತೆಗೆ ಹೊರಟವಳು ಫಕ್ಕೀರೇಶನ ಅಕ್ಕ ಹೇಮಾ. ಅವಳ ಕಂಕುಳಲ್ಲಿ ಎಂಟು ತಿಂಗಳ ಕೂಸು.

ರೈಲಿನಲ್ಲಿ ಕೆಳಗಿನ ಬರ್ತಿನ ಮೇಲೆ ಮಲಗಿದ್ದು ಎಲೆಬುಟ್ಟಿ. ಶೇಖವ್ವ ಅದರ ಪಕ್ಕ ಕೂತೇ ಬಂದಳು. ತಾಸೆರಡು ತಾಸಿಗೊಮ್ಮೆ ಒದ್ದೆ ಬಟ್ಟೆ ಸರಿಸಿ, ಎಲೆ ಮಗುಚಿ, ನೀರು ಚಿಮುಕಿಸಿ, ಕೊಳೆತದ್ದು ಹೆಕ್ಕಿ, ಮತ್ತೆ ಮೆತ್ತಗೆ ಹೊದಿಸುವಳು. ಎರಡು ದಿನ ಇದನ್ನೇ ನೋಡಿದ ಎದುರಿನ ಹೆಂಗಸು ಒಳಗೆ ದೇವರಿದೆಯೆಂದು ತಿಳಿದು, ಇಳಿಯುವಾಗ ಬುಟ್ಟಿಗೆ ಕೈಮುಗಿದು ಎರಡು ಬಾಳೆಹಣ್ಣು ಇಟ್ಟುಹೋದಳು.

“ಇರ್ಲಿ ಬಿಡು, ಎಲಿ ಸಂಗಾಟ ಹಣ್ಣೂ ಆತು,” ಎಂದಳು ಶೇಖವ್ವ.

ಗೋರಖಪುರದಲ್ಲಿ ಇಳಿಯುವ ಹೊತ್ತಿಗೆ ಕೂಸಿಗೆ ನೆಗಡಿ, ಎದೆಯಲ್ಲಿ ಗೊರಗೊರ. ಶೇಖವ್ವ ಎರಡು ಎಲೆಗಳನ್ನು ಚಹಾದಂಗಡಿಯ ಕೆಟ್ಲಿಗೆ ಒತ್ತಿ ಬಿಸಿಮಾಡಿ, ಔಡಲೆಣ್ಣೆ ಸವರಿ, ಕೂಸಿನ ಎದೆಗೆ ಕಟ್ಟಿ ಮೇಲೆ ಅಂಗಿ ತೊಡಿಸಿದಳು. ಚಹಾದವನು ಕೆಟ್ಲಿಯನ್ನು ಮೂರು ಸಲ ತೊಳೆದ.

ಬಸ್ಸಾಯಿತು, ಜೀಪಾಯಿತು. ಧೂಳಿನ ದಾರಿ ಮುಗಿದಲ್ಲಿ ಗಡಿಯ ಸಣ್ಣ ಚೌಕಿ, ಒಂದು ಬಿದಿರಿನ ಅಡ್ಡಗೋಲು. ಮೀಸೆಯ ಅಧಿಕಾರಿ ಇವರ ಗುರುತಿನ ಚೀಟಿಗಳನ್ನು ಅರೆಗಣ್ಣಲ್ಲಿ ನೋಡಿ ಮರಳಿಸಿದ. ಬುಟ್ಟಿ ಕಂಡದ್ದೇ ತಡ, ಬಿದಿರು ಕೆಳಗಿಳಿಯಿತು. ಟೀವಿಯಿಂದ ಹಿಂದಿ ಕಲಿತ ಹೇಮಾ ಮಾತಿಗೆ ನಿಂತಳು.

“ಆಯಿ, ಹಸಿ ಎಲಿ ಬಿಡಂಗಿಲ್ಲಂತ. ಕಾಗದ ಬೇಕಂತ.”

“ಮತ್ತ ನಾವು?”

“ನಾವು ಹೋಗಬಹುದಂತ.”

“ಮನಷ್ಯಾರ ಮ್ಯಾಲೆ ಇಲ್ಲದ ಅನುಮಾನ ಎಲಿ ಮ್ಯಾಲೆ ಏನವಂಗ? ನನ್ನ ಎಲಿ ಯಾರ ಮನಿ ಕನ್ನಾ ಹೊಡದೈತಿ, ಕೇಳವನ್ನ!”

ಹೇಮಾ ಅದನ್ನು ಕೇಳಲಿಲ್ಲ, ಬೇರೆಯದನ್ನು ಕೇಳಿದಳು. ತಯಾರಾದ ತಿನಿಸಿಗೆ ಅಡ್ಡಿಯಿಲ್ಲ ಎಂದ ಅಧಿಕಾರಿ. ಬೀಡಾ? ಬೀಡಾ ತಿನಿಸೇ.

ಮರದ ನೆರಳಿನಲ್ಲಿ ಬುಟ್ಟಿ ಬಿಚ್ಚಿತು. ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆಯಿಟ್ಟು ಮಡಚುವ ಕೆಲಸ. ಶೇಖವ್ವನ ಚಂಚಿಯಲ್ಲಿದ್ದ ಸುಣ್ಣ, ಅಡಿಕೆ ಮೂವತ್ತು ಬೀಡಾಕ್ಕೇ ಮುಗಿದವು. ಸರದಿಯಲ್ಲಿದ್ದವರೂ ಬೇಸರ ಕಳೆಯಲು ಬಂದು ಕೂತರು. ಲಾರಿ ಚಾಲಕನೊಬ್ಬ ಸಕ್ಕರೆ ತಂದ. ಅದೂ ತೀರಿದಾಗ ಶೇಖವ್ವ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದಳು. ಅಧಿಕಾರಿ ಪರೀಕ್ಷೆಗೆಂದು ಆರಿಸಿದ್ದು ಚಟ್ನಿಯ ಬೀಡಾವನ್ನೇ. ಕಣ್ಣೀರು ಒರೆಸಿಕೊಳ್ಳುತ್ತ, ಇದು ಖಂಡಿತ ತಿನಿಸು ಎಂದು ತೀರ್ಪು ಕೊಟ್ಟ.

“ಎರಡ ಎರಡು ಎಲಿ ಇಡಿಯಾಗಿ ಬಿಡು ಅನ್ನವಂಗ,” ಎಂದು ಶೇಖವ್ವ ಅಂಗಲಾಚಿದಳು. ಅವನು ಬುಟ್ಟಿಯನ್ನು ಬೋರಲು ಹಾಕಿ ಕೊಡವಿ ತೋರಿಸೆಂದ. ಇವರು ಹೊರಡುವಾಗ ಕೂಸಿನ ಗಲ್ಲ ಹಿಂಡಿ ಮುದ್ದು ಮಾಡಿದ.

ಹುಡುಗಿಯ ಮನೆಯ ಅಂಗಳದಲ್ಲಿ ಎಲ್ಲರೂ ಕಾದು ನಿಂತಿದ್ದರು. ಶೇಖವ್ವ ಜೀಪಿನಿಂದ ಇಳಿಯಲೊಲ್ಲಳು.

“ಆಯಿ, ಇಷ್ಟೊಂದು ಬೀಡಾ ಅದಾವಲ್ಲ, ಅದನ್ನ ಕೊಡು,” ಎಂದ ಜೀಪಿನ ಬಳಿ ಬಂದ ಫಕ್ಕೀರೇಶ.

“ಸುಣ್ಣ ಹಚ್ಚಿದಮ್ಯಾಲೆ ಅದು ತಿನ್ನೂ ಎಲಿ, ಮಾತು ಕೊಡೂ ಎಲಿ ಅಲ್ಲೋ. ಬರಿಗೈಲೆ ಬಂದು ನಿನ್ನ ಲಗ್ನ ಹ್ಯಾಂಗ ಗಟ್ಟಿ ಮಾಡ್ಲಿ?” ಎಂದು ಮುದುಕಿ ಬುಟ್ಟಿಯನ್ನು ಮಡಿಲಿಗೆಳೆದುಕೊಂಡಳು.

ಹೇಮಾ ಹಿಂದಿನ ಸೀಟಿನಲ್ಲಿ ಒದ್ದೆಯಾದ ಕೂಸಿನ ಅಂಗಿ ಬಿಚ್ಚುತ್ತಿದ್ದಳು. ಬಿಚ್ಚುತ್ತಿದ್ದ ಕೈ ನಿಂತಿತು. “ಆಯಿ, ಇಲ್ಲಿ ನೋಡು.”

ಬಾಡಿದ್ದವು, ಎಣ್ಣೆ ಕುಡಿದಿದ್ದವು. ಆದರೆ ತೊಟ್ಟಿತ್ತು, ತುದಿಯಿತ್ತು, ಜೋಡಿಯಿತ್ತು.

ಶೇಖವ್ವ ಸೆರಗು ಸರಿಮಾಡಿಕೊಂಡು ರಾಣಿಯಂತೆ ಇಳಿದಳು. ಹುಡುಗಿಯ ಅಜ್ಜ ಎಲೆಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಔಡಲೆಣ್ಣೆಯ ವಾಸನೆಗೆ ಮೂಗು ಒಮ್ಮೆ ಅರಳಿತು. ಸವಣೂರಿನ ಪದ್ಧತಿ ಇರಬೇಕೆಂದುಕೊಂಡು ಹಣೆಗೊತ್ತಿಕೊಂಡ. ಎಲ್ಲರೂ ಕೈಮುಗಿದರು. ಮಾತು ಗಟ್ಟಿಯಾಯಿತು.

ಶೇಖವ್ವ ಆಗಲೇ ಕೈ ಚಾಚಿದ್ದಳು. “ಶಾಸ್ತ್ರ ಮುಗೀತಲ್ಲರಿ ಬೀಗರ? ಇತ್ತ ಕೊಡ್ರಿ. ಕೂಸಿನ ಎದಿ ಇನ್ನೂ ಗೊರಗುಡಾಕತ್ತೈತಿ.”