ಕೋರಂಗೆ ಒಬ್ಬರು ಬೇಕಾಗಿದ್ದಾರೆ

ಡೆನೀಸ್ ಕ್ರಾಗ್ಸ್ ಪಂಚಾಯ್ತಿಗೆ ನಿಂತದ್ದೇ ಬ್ಯಾಂಡಿಗಾಗಿ. ಇದನ್ನು ಅವಳು ಯಾರಿಂದಲೂ ಮುಚ್ಚಿಟ್ಟವಳಲ್ಲ. ಹೆಸಲ್‌ಹೋಪ್‌ನ ಕಲ್ಲಿದ್ದಲ ಗಣಿ ಮುಚ್ಚಿ ಒಂದು ತಲೆಮಾರೇ ಕಳೆದಿತ್ತು. ಗಣಿಯ ಹಿಂದೆ ಬ್ಯಾಂಕು ಹೋಯಿತು, ಎರಡು ಪಬ್ಬು ಹೋದವು, ಕೊನೆಗೆ ದೊಡ್ಡವರ ಬ್ಯಾಂಡೂ ಮುರಿದುಬಿತ್ತು. ಉಳಿದದ್ದು ಮಕ್ಕಳ ಬ್ಯಾಂಡ್ ಒಂದೇ. ಮಂಗಳವಾರ ಸಂಜೆ ಹಳೇ ಗಣಿ ಕಾರ್ಮಿಕರ ಭವನದ ಮಹಡಿಯಲ್ಲಿ ಹನ್ನೆರಡು ಮಕ್ಕಳು ಹಿತ್ತಾಳೆ ಕಹಳೆಗಳನ್ನು ಊದುತ್ತಿದ್ದವು. ಊದುವುದು ಚೆನ್ನಾಗಿತ್ತೇ ಅಂತ ಕೇಳಬೇಡಿ. ಊದುತ್ತಿದ್ದವು, ಅಷ್ಟು ಸಾಕು.

ಡೆನೀಸ್ ಮೂವತ್ತು ವರ್ಷ ಊರಿನ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಅವಳು ಒಳಗಿನಿಂದ ಒಮ್ಮೆ ಕೂಗಿದರೆ ಮೈದಾನದ ಆ ತುದಿಯಲ್ಲಿದ್ದ ಹುಡುಗ ಓಡಿಹೋಗಿ ಕೈ ತೊಳೆಯುತ್ತಿದ್ದ. ಗಂಡ ಆಲನ್ ಗಣಿಯ ಧೂಳನ್ನು ಎದೆಯಲ್ಲಿಟ್ಟುಕೊಂಡೇ ಹೋಗಿದ್ದ. ಮಗಳು ದೂರದ ಗೋದಾಮಿನಲ್ಲಿ ರಾತ್ರಿಪಾಳಿ ಮಾಡುತ್ತಿದ್ದಳಾದ್ದರಿಂದ ಮೊಮ್ಮಗಳು ಬೆಥನಿ ಅಜ್ಜಿಯ ಮನೆಯಲ್ಲೇ ಬೆಳೆಯುತ್ತಿತ್ತು. ಹನ್ನೊಂದರ ಆ ಹುಡುಗಿ ಎರಡು ಚಳಿಗಾಲದ ಹಿಂದೆ ಇದ್ದಕ್ಕಿದ್ದಂತೆ ಹೊರಗೆ ಹೋಗುವುದನ್ನೇ ಬಿಟ್ಟುಬಿಟ್ಟಿತು. ಶಾಲೆಯಲ್ಲಿ ಯಾರೋ ಏನೋ ಅಂದಿದ್ದರು. ಏನೆಂದು ಇವತ್ತಿಗೂ ಹೇಳಿಲ್ಲ. ಮೆಟ್ಟಿಲ ಮೇಲೆ ಕೂತಿತೆಂದರೆ ಕೂತೇ ಇರುತ್ತಿತ್ತು. ಡೆನೀಸ್ ಗದರಿದಳು, ಮುದ್ದು ಮಾಡಿದಳು, ಹ್ಯಾಮು ತುಂಬಿದ ರೊಟ್ಟಿಯ ಆಸೆ ತೋರಿಸಿದಳು. ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಬ್ಯಾಂಡಿನವರು ಟೆನರ್ ಹಾರ್ನ್ ಎಂಬ ಹಿತ್ತಾಳೆ ಕಹಳೆಯೊಂದನ್ನು ತಂದು ಮಡಿಲಲ್ಲಿಟ್ಟರು. ಮುಂದಿನ ಮಂಗಳವಾರ ಅದನ್ನು ಮಗುವಿನಂತೆ ತಬ್ಬಿಕೊಂಡು ಬೆಥನಿ ತಾನಾಗಿ ಹೊಸ್ತಿಲು ದಾಟಿತು. ಆ ದಿನ ಡೆನೀಸ್ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಮನಸಾರೆ ಅತ್ತಳು.

ಆ ಹಾರ್ನಿಗೇ ಈಗ ಸಂಚಕಾರ ಬಂದಿತ್ತು. ವಾದ್ಯಗಳೆಲ್ಲ ಪಕ್ಕದ ಪಟ್ಟಣದ ಬ್ಯಾಂಡಿನಿಂದ ಎರವಲು ತಂದವು. ಅವರೂ ಮಕ್ಕಳ ತರಗತಿ ಶುರುಮಾಡುತ್ತಿದ್ದರು, ಕ್ರಿಸ್‌ಮಸ್ಸಿನೊಳಗೆ ವಾಪಸ್ಸು ಕೊಡಿ ಅಂದಿದ್ದರು. ಅವರದ್ದೇನೂ ತಪ್ಪಿಲ್ಲ. ಇನ್ನೊಂದೂರಿನಲ್ಲಿ ಮುಚ್ಚಿಹೋದ ಬ್ಯಾಂಡಿನವರು ಹಳೇ ವಾದ್ಯಗಳನ್ನು ಸಾವಿರದ ಇನ್ನೂರು ಪೌಂಡಿಗೆ ಕೊಡಲು ಒಪ್ಪಿದ್ದರು. ಹೆಸಲ್‌ಹೋಪ್ ಪಂಚಾಯ್ತಿ ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಊರಿನ ಸಂಘಗಳಿಗೆ ಸಣ್ಣಪುಟ್ಟ ಸಹಾಯಧನ ಹಂಚುತ್ತದೆ. ಅದು ಸಿಕ್ಕರೆ ಬ್ಯಾಂಡ್ ಉಂಟು, ತಪ್ಪಿದರೆ ಇಲ್ಲ. ಲೆಕ್ಕ ಇಷ್ಟೇ.

ಇಲ್ಲಿ ಡೆನೀಸ್ ಒಂದು ಎಡವಟ್ಟು ಮಾಡಿದಳು. ಅಕ್ಟೋಬರಿನಲ್ಲಿ ಮಕ್ಕಳ ಮುಂದೆ ನಿಂತು, ನಾನು ಪಂಚಾಯ್ತೀಲಿ ಕೂತಿರೋದು ಮತ್ಯಾತಕ್ಕೆ, ನಿಮ್ಮ ಪರವಾಗಿ ನಾನು ಮಾತಾಡ್ತೀನಿ, ದುಡ್ಡು ಬಂತು ಅಂತಲೇ ತಿಳ್ಕೊಳ್ಳಿ ಎಂದುಬಿಟ್ಟಳು. ಅರ್ಜಿಗೆ ಸಹಿಯನ್ನೂ ತಾನೇ ಹಾಕಿದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದೆಂದರೆ ಇದೇ. ಮಕ್ಕಳು ಕೇಕೆ ಹಾಕಿದವು. ಬೆಥನಿ ಶಾಲೆಯಲ್ಲೆಲ್ಲ ನಮ್ಮಜ್ಜಿ ಮಾತಾಡ್ತಾಳೆ ಎಂದು ಸಾರಿಕೊಂಡು ಬಂತು.

ಸಭೆಗೆ ವಾರವಿರುವಾಗ ಪಂಚಾಯ್ತಿ ಕಾರ್ಯದರ್ಶಿ ಜೂಡಿತ್ ಅಂಗಡಿಯ ಬಾಗಿಲಲ್ಲಿ ಸಿಕ್ಕಳು. ಒಳ್ಳೆಯ ಹೆಂಗಸು, ಆದರೆ ನಿಯಮ ಅಂದರೆ ನಿಯಮ. ತನಗೆ ನಂಟಿರುವ ವಿಷಯ ಸಭೆಗೆ ಬಂದರೆ ಸದಸ್ಯರು ಮೊದಲೇ ಬಾಯಿಬಿಟ್ಟು ಹೇಳಬೇಕು, ಆ ವಿಷಯ ಎತ್ತಿದಾಗ ಎದ್ದು ಹೊರಗೆ ಹೋಗಬೇಕು, ಬಾಗಿಲು ಮುಚ್ಚಿದ ಮೇಲೆ ಒಳಗೆ ನಡೆದದ್ದು ಒಳಗೆ ಎಂದು ನೆನಪಿಸಿದಳು. ಡೆನೀಸ್‌ಗೆ ನಿಂತ ನೆಲ ಕುಸಿದಂತಾಯಿತು. ನಿಯಮ ಅವಳಿಗೆ ಗೊತ್ತಿಲ್ಲದ್ದೇನಲ್ಲ, ಬೇರೆಯವರು ಎದ್ದುಹೋಗುವುದನ್ನು ನೋಡಿದ್ದಳು. ಅದು ತನಗೂ ಸೇರಿದ್ದು ಎಂದು ಮಾತ್ರ ಹೊಳೆದಿರಲಿಲ್ಲ. ಬ್ಯಾಂಡಿಗೆಂದು ಪಂಚಾಯ್ತಿಗೆ ಬಂದವಳು, ಬ್ಯಾಂಡಿನ ಮಾತು ಬಂದಾಗ ಬಾಗಿಲಾಚೆ. ಇಂಥ ಭಾಗ್ಯ ಯಾರಿಗುಂಟು ಹೇಳಿ.

ಆ ವಾರವಿಡೀ ಅವಳಿಗೆ ಊಟ ಸೇರಲಿಲ್ಲ. ಮಕ್ಕಳಿಗೆ ಹೇಳಿಬಿಡಬೇಕು ಎಂದು ದಿನಾ ಅಂದುಕೊಂಡಳು, ದಿನಾ ಬೆಥನಿಯ ಮುಖ ನೋಡಿ ನುಂಗಿಕೊಂಡಳು. ಬೆರಳು ಮಡಚಿ ಎಣಿಸಿದಳು. ಸದಸ್ಯರು ಆರು ಜನ. ಅಧ್ಯಕ್ಷ ಗಾರ್ಡನ್ ಟಿಂಡೇಲ್ ಮೆತ್ತಗಿನ ಮನುಷ್ಯ, ಕೊಡೋಣ ಅಂದಾನು. ಮಿಸೆಸ್ ಪ್ಯಾಟಿನ್ಸನ್‌ಗೆ ಬೀದಿದೀಪಗಳಿಗೆ ತೂಗುಹಾಕುವ ಹೂಬುಟ್ಟಿಗಳೇ ಪ್ರಾಣ, ದುಡ್ಡು ಅದಕ್ಕೇ ಹೋಗಬೇಕು ಅನ್ನುವವಳು. ಕಸಾಯಿ ಅಂಗಡಿಯ ಬ್ಯಾರಿ ನಮ್ಮವನು, ಐರೀನ್ ನಮ್ಮವಳು. ಇನ್ನುಳಿದವನು ಕ್ಲೈವ್ ರೇನ್. ಆ ಹೆಸರಿಗೆ ಬಂದಾಗ ಬೆರಳು ನಿಂತುಬಿಡುತ್ತಿತ್ತು.

ಕ್ಲೈವ್‌ನ ಮನೆ ಭವನದ ಗೋಡೆಗೆ ಅಂಟಿಕೊಂಡೇ ಇತ್ತು. ಗದ್ದಲ ಗದ್ದಲ ಎಂದು ಅವನು ಕೊಟ್ಟ ದೂರುಗಳಿಗೆ ಲೆಕ್ಕವಿಲ್ಲ. ಬೇಸಿಗೆಯಲ್ಲಿ ಡೆನೀಸ್ ಅಂಗಡಿ ಮುಂದೆ, ನಾಲ್ಕು ಜನರೆದುರು, ನಿನ್ನ ಕಿವಿಗೆ ಹಕ್ಕಿ ಕೂಗಿದ್ರೂ ಆಗಲ್ಲ, ಮುದಿ ಗೂಬೆ ಎಂದು ಅಂದುಬಿಟ್ಟಿದ್ದಳು. ನಾಲಿಗೆಗೆ ಮೂಳೆ ಇಲ್ಲವಲ್ಲ. ಅಂದಿನಿಂದ ಅವನು ಅವಳನ್ನು ಕಂಡರೆ ರಸ್ತೆ ದಾಟುತ್ತಿದ್ದ. ಆದರೂ ಬ್ಯಾರಿ, ಐರೀನ್ ಇದ್ದಾರಲ್ಲ ಎಂದು ಅವಳು ಧೈರ್ಯ ತಂದುಕೊಂಡಳು.

ಸಭೆಯ ಸಂಜೆ ಬೆಥನಿ, ಇನ್ನೂ ಮೂರು ನಾಲ್ಕು ಮಕ್ಕಳು ಪಂಚಾಯ್ತಿ ಕಟ್ಟಡದ ಎದುರಿನ ಬಸ್ ತಂಗುದಾಣದಲ್ಲಿ ಬಂದು ಕೂತಿದ್ದವು. ಮನೆಗೆ ಹೋಗಿ ಅಂದರೆ ಕೇಳಲಿಲ್ಲ. ಚೆನ್ನಾಗಿ ಮಾತಾಡು ಅಜ್ಜಿ ಎಂದು ಬೆಥನಿ ಅವಳ ಕೋಟಿನ ಗುಂಡಿ ಹಾಕಿತು.

ಸಭೆ ಶುರುವಾಗುತ್ತಲೇ ಗಾರ್ಡನ್ ರೂಢಿಯ ಪ್ರಶ್ನೆ ಕೇಳಿದ. ಇವತ್ತಿನ ವಿಷಯಗಳಲ್ಲಿ ಯಾರಿಗಾದರೂ ನಂಟುಂಟೇ? ಡೆನೀಸ್ ಕೈಯೆತ್ತಿ, ಬ್ಯಾಂಡ್, ಮೊಮ್ಮಗಳು ಊದುತ್ತಾಳೆ, ಅರ್ಜಿಗೆ ಸಹಿ ನನ್ನದು ಎಂದಳು. ಅವಳ ಕೈ ಇಳಿಯುವಷ್ಟರಲ್ಲಿ ಬ್ಯಾರಿಯ ಕೈ ಮೇಲೆದ್ದಿತು. ಬ್ಯಾಂಡ್, ಮಗ ಡ್ರಮ್ಮು ಬಾರಿಸುತ್ತಾನೆ. ಆಮೇಲೆ ಐರೀನ್: ಬ್ಯಾಂಡ್, ಕಲಿಸುವವರು ನಮ್ಮನೆಯವರು, ಪೆಟ್ರೋಲ್ ಖರ್ಚು ಕೊಡುತ್ತಾರೆ. ಬೆರಳು ಎಣಿಸುವಾಗ ಇವರಿಗೂ ನಂಟುಂಟು ಎಂದು ಡೆನೀಸ್‌ಗೆ ಹೊಳೆದೇ ಇರಲಿಲ್ಲ. ಕೊನೆಗೆ ಮೂಲೆಯಿಂದ ಕ್ಲೈವ್ ಕೆಮ್ಮಿದ. ಪಕ್ಕದ ಮನೆ ನನ್ನದು, ಗದ್ದಲ ನನ್ನ ಕಿವಿಗೆ, ನನಗೂ ನಂಟಿದೆ ಎಂದ.

ಅವರನ್ನು ತಪ್ಪೆನ್ನುವ ಹಾಗೂ ಇಲ್ಲ. ಹಿಂದಿನ ವರ್ಷ ಬೌಲಿಂಗ್ ಕ್ಲಬ್ಬಿಗೆ ಹಣ ಕೊಟ್ಟಾಗ, ಕೈಯೆತ್ತಿದ ಒಬ್ಬ ಸದಸ್ಯನ ಭಾವಮೈದುನನೇ ಆ ಕ್ಲಬ್ಬಿನ ಖಜಾಂಚಿ ಎಂದು ಗೊತ್ತಾಗಿ ಊರೆಲ್ಲ ರಂಪವಾಗಿತ್ತು. ಆ ಮನುಷ್ಯ ರಾಜೀನಾಮೆ ಕೊಟ್ಟು ಊರನ್ನೇ ಬಿಟ್ಟ. ಅವನ ಜಾಗ ಇನ್ನೂ ಖಾಲಿ. ಅಂದಿನಿಂದ ಸದಸ್ಯರಿಗೆಲ್ಲ ಹಗ್ಗ ಕಂಡರೂ ಹಾವು. ಹೊರಗೆ ಹೋಗುವುದು ತಾನೊಬ್ಬನೇ ಎಂದುಕೊಂಡೇ ಪ್ರತಿಯೊಬ್ಬರೂ ಮನೆಯಿಂದ ಬಂದಿದ್ದರು. ಒಬ್ಬರನ್ನೊಬ್ಬರು ಕೇಳಿಕೊಂಡಿರಲಿಲ್ಲ. ಕೇಳಿದರೆ ಒಳಸಂಚು ಅಂದಾರು ಎಂಬ ಭಯ.

ಬ್ಯಾಂಡಿನ ಸರದಿ ಬಂತು. ನಾಲ್ವರೂ ಎದ್ದು ಸಾಲಾಗಿ ಹೊರಗೆ ನಡೆದರು, ಬಾಗಿಲು ಮುಚ್ಚಿತು. ಹಜಾರದಲ್ಲಿ ಒಂದು ಬೆಂಚು, ಒಂದು ಸಿಂಕು, ಚಹಾದ ಕೆಟಲ್. ಬ್ಯಾರಿ ಸುಮ್ಮನಿರಲಾರದೆ ಕೆಟಲ್ ಹಚ್ಚಿದ. ಡೆನೀಸ್ ಗೋಡೆಗೊರಗಿ ನಿಂತಳು. ಒಳಗಿರುವವರು ಇಬ್ಬರು ಎಂದು ಅವಳ ತಲೆಗೆ ಬರುವಷ್ಟರಲ್ಲಿ ಬಾಗಿಲು ತೆರೆದು ಜೂಡಿತ್ ಹೊರಗೆ ಬಂದಳು. ಅವಳ ಮುಖವೇ ಎಲ್ಲ ಹೇಳುತ್ತಿತ್ತು.

ಕೋರಂ ಇಲ್ಲ, ಮೂರು ಜನವಿಲ್ಲದೆ ಸಭೆ ನಡೆಯುವ ಹಾಗಿಲ್ಲ ಎಂದಳು. ವಿಷಯ ಜನವರಿಗೆ ಮುಂದೆ ಹೋಗುತ್ತದೆ. ಜನವರಿಯಲ್ಲಿ ವಾದ್ಯಗಳೆಲ್ಲಿ? ಆದರೆ ಜೂಡಿತ್ ಮಾತು ಮುಗಿಸಿರಲಿಲ್ಲ. ಇಷ್ಟೊಂದು ಜನ ಹೊರಗುಳಿದು ಸಭೆಯೇ ನಿಂತುಹೋಗುವ ಹಾಗಿದ್ದರೆ, ಒಬ್ಬರಿಗೆ ಒಳಗೆ ಕೂರಲು ವಿನಾಯಿತಿ ಕೊಡುವ ಅಧಿಕಾರ ತನಗಿದೆ. ನಂಟು ಎಲ್ಲರಿಗಿಂತ ಕಡಿಮೆ ಇರುವವರು ತಾವಾಗಿ ಬರೆದು ಕೇಳಬೇಕು, ಬಲವಂತವಿಲ್ಲ.

ಬ್ಯಾರಿ ಮುಂದೆ ಬಂದ. ಜೂಡಿತ್ ತಲೆಯಾಡಿಸಿದಳು. ಮಗ ಬ್ಯಾಂಡಿನಲ್ಲಿದ್ದಾನೆ. ಐರೀನ್ ಮನೆಗೆ ದುಡ್ಡು ಬರುತ್ತದೆ. ಡೆನೀಸ್‌ಳ ಮಾತೇ ಬೇಡ. ಎಲ್ಲರೂ ಬೆಂಚಿನ ತುದಿಗೆ ತಿರುಗಿದರು. ಕ್ಲೈವ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ.

"ನನ್ನ ನೋಡ್ಬೇಡಿ," ಅಂದ. "ಒಳಗೆ ಹೋದ್ರೆ ಬ್ಯಾಂಡಿನ ಕತ್ತು ಹಿಸುಕೋಕೆ ಹೋದ ಅಂತೀರ. ಹೋಗದಿದ್ರೆ ಇಲ್ಲೇ ಕೂತು ಹಿಸುಕಿದ ಅಂತೀರ. ನಂಗ್ಯಾಕೆ ಬೇಕು ಇದು?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಐರೀನ್ ಕೆಟಲಿನ ಕಡೆ ನೋಡಿದಳು, ಬ್ಯಾರಿ ನೆಲ ನೋಡಿದ. ಊರಿನಲ್ಲಿ ಕ್ಲೈವ್‌ನನ್ನು ಕೇಳಬಾರದವಳು ಒಬ್ಬಳೇ, ಮತ್ತು ಕೇಳಬೇಕಾದವಳೂ ಅವಳೇ. ಡೆನೀಸ್ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಮೂವತ್ತು ವರ್ಷ ಶಾಲೆಯನ್ನೇ ನಡುಗಿಸಿದ ದನಿಯನ್ನು ತಗ್ಗಿಸಿದಳು.

"ಕ್ಲೈವ್, ಅಂಗಡಿ ಮುಂದೆ ನಾನು ಅಂದದ್ದು..."

"ಮುದಿ ಗೂಬೆ," ಕ್ಲೈವ್ ನೆನಪಿಸಿದ.

"ಅದೇ. ಅನ್ನಬಾರದಿತ್ತು. ಈಗ ಬೇಕಾಗಿದೆ ಅಂತ ಹೇಳ್ತಿದಾಳೆ ಅಂದ್ಕೊಂಡ್ರೆ ಅಂದ್ಕೋ. ನೀನು ಒಳಗೆ ಏನು ಮಾಡ್ತೀಯ ಅಂತ ನಾನು ಕೇಳಲ್ಲ."

"ಕೇಳ್ಲೂಬೇಡ. ಕೇಳಿದ್ರೆ ಅದನ್ನೂ ಒಳಗೆ ಹೋಗಿ ಹೇಳ್ಬೇಕಾಗತ್ತೆ."

ಬ್ಯಾರಿ ಕಿಸಕ್ಕನೆ ನಕ್ಕ. ಡೆನೀಸ್ ನಗಲಿಲ್ಲ.

"ಬೇಡ ಅಂತ ಕೈಯೆತ್ತೋದಾದ್ರೆ ಎತ್ತು. ಊರಿನವರು ಯೋಚನೆ ಮಾಡಿ ಬೇಡ ಅಂದ್ರು ಅಂತ ಮಕ್ಕಳಿಗೆ ನಾನು ಹೇಳಬಲ್ಲೆ, ಹೆಂಗೋ ಹೇಳ್ತೀನಿ. ಆದ್ರೆ ಕೂತು ಕೇಳೋಕೂ ಒಬ್ರು ಇರ್ಲಿಲ್ಲ, ಎಲ್ರೂ ಎದ್ದು ಹೋದ್ರು ಅಂತ ಆ ಹುಡುಗಿ ಮುಖ ನೋಡಿ ಹೆಂಗೆ ಹೇಳ್ಲಿ? ಅದು ನನ್ನ ಕೈಲಿ ಆಗಲ್ಲ, ಕ್ಲೈವ್."

ಕ್ಲೈವ್ ಟೋಪಿಯ ಅಂಚನ್ನು ಸವರಿದ. ಕೆಟಲ್ ಟಕ್ ಎಂದು ಆರಿತು. ಅವನು ಜೂಡಿತ್ ಕಡೆ ಕೈಚಾಚಿ ಪೆನ್ನು ಕೇಳಿದ, ಎರಡು ಸಾಲು ಗೀಚಿದ, ಎದ್ದು ಯಾರ ಮುಖವನ್ನೂ ನೋಡದೆ ಒಳಗೆ ಹೋದ. ಬಾಗಿಲು ಮತ್ತೆ ಮುಚ್ಚಿತು.

ಇನ್ನು ಡೆನೀಸ್‌ಳ ಪಾಡು ಏನು ಹೇಳುವುದು. ಗಾರ್ಡನ್ ಕೊಡು ಅನ್ನುತ್ತಾನೆ, ಪ್ಯಾಟಿನ್ಸನ್ ಬೇಡ ಅನ್ನುತ್ತಾಳೆ, ಮೂರನೆಯವನು ಕ್ಲೈವ್. ತನ್ನ ಕೈಯಾರೆ ಕುರಿಯನ್ನು ತೋಳದ ಮುಂದೆ ಬಿಟ್ಟು ಬಂದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಜನವರಿಗಾದರೂ ಹೋಗಿದ್ದರೆ ಆ ಪಟ್ಟಣದವರ ಕಾಲು ಹಿಡಿದು ವಾದ್ಯ ಇನ್ನಷ್ಟು ದಿನ ಇಟ್ಟುಕೊಳ್ಳಬಹುದಿತ್ತೇನೋ. ಈಗ ಇವತ್ತೇ ಬೇಡ ಅಂದರೆ ಮುಗಿಯಿತು. ಬಾಗಿಲಿನ ಹಿಂದೆ ಒಂದು ಕುರ್ಚಿ ಎಳೆದ ಸದ್ದಾಯಿತು. ಮಿಸೆಸ್ ಪ್ಯಾಟಿನ್ಸನ್‌ಳ ದನಿ ಏರಿತು, ಮಾತು ಮಾತ್ರ ತಿಳಿಯಲಿಲ್ಲ. ಕಿಟಕಿಯಾಚೆ ತಂಗುದಾಣದ ದೀಪದಡಿ ಬೆಥನಿಯ ಕೆಂಪು ಟೋಪಿ ಕಾಣುತ್ತಿತ್ತು. ಐರೀನ್ ಕೊಟ್ಟ ಚಹಾ ಅವಳ ಕೈಯಲ್ಲೇ ತಣ್ಣಗಾಯಿತು.

ಜೂಡಿತ್ ಬಂದು ಮೂವರನ್ನೂ ಒಳಗೆ ಕರೆದಳು. ಡೆನೀಸ್ ತನ್ನ ಜಾಗದಲ್ಲಿ ಕೂತು ಗಾರ್ಡನ್‌ನ ಮುಖ ಓದಲು ನೋಡಿದಳು. ಅವನ ಮುಖವೆಲ್ಲ ಕೆಂಪಾಗಿತ್ತು. ಅವನು ಗಂಟಲು ಸರಿಮಾಡಿಕೊಂಡು, ದಾಖಲೆಗಾಗಿ ಹೇಳುತ್ತಿದ್ದೇನೆ ಎಂದು ಶುರುಮಾಡಿದ. ಬ್ಯಾಂಡಿನ ಅರ್ಜಿಯ ಪರ ಒಂದು ಮತ, ವಿರುದ್ಧ ಒಂದು ಮತ. ಕ್ಲೈವ್ ರೇನ್ ಹಾಜರಿದ್ದರು, ಮತ ಹಾಕಲಿಲ್ಲ. ಸಮಸಮ ಬಂದಾಗ ಅಧ್ಯಕ್ಷನಿಗೆ ಇನ್ನೊಂದು ಮತವಿರುವುದರಿಂದ, ಅದನ್ನು ಪರವಾಗಿ ಹಾಕಿದ್ದೇನೆ, ಸಹಾಯಧನ ಮಂಜೂರಾಗಿದೆ.

ಡೆನೀಸ್‌ಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಜಿಗಿದು ಕೂಗಬೇಕೆನಿಸಿತು, ಕೂಗುವ ಹಾಗಿರಲಿಲ್ಲ. ಮುಂದಿನ ವಿಷಯ ನಾಯಿಗಳ ಹೊಲಸಿಗೆ ಇಡುವ ತೊಟ್ಟಿಗಳು. ಅವಳು ಮೇಜಿನ ಕೆಳಗೆ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡು ತೊಟ್ಟಿಗಳ ಬಗ್ಗೆ ಕೇಳಿಸಿಕೊಂಡಳು.

ಸಭೆ ಮುಗಿದ ಮೇಲೆ ಮೆಟ್ಟಿಲ ಮೇಲೆ ಕ್ಲೈವ್‌ನನ್ನು ಹಿಡಿದಳು. ಕುಲುಕಲೆಂದು ಕೈ ಚಾಚಿದಳು.

"ಥ್ಯಾಂಕ್ಸು ಗೀಂಕ್ಸು ಬೇಡ," ಅಂದ ಅವನು. "ಕುರ್ಚಿ ತುಂಬಿಸಿದೆ, ಅಷ್ಟೇ. ಪಕ್ಕದ ಮನೆಯವನು ಮತ ಹಾಕೋದು ಸರಿಯಲ್ಲ. ಹಾಕಿದ್ರೆ ಬೇಡ ಅಂತಲೇ ಹಾಕ್ತಿದ್ದೆ, ತಿಳ್ಕೋ." ಟೋಪಿ ಇಟ್ಟುಕೊಂಡು ನಾಲ್ಕು ಹೆಜ್ಜೆ ಹೋದವನು ತಿರುಗಿದ. "ಮಂಗಳವಾರ ಕಿಟಕಿ ಮುಚ್ರಿ."

ರಸ್ತೆಯಾಚೆಯಿಂದ ಮಕ್ಕಳು ಓಡಿಬಂದವು. ಅವಳ ಮುಖ ನೋಡಿಯೇ ವಿಷಯ ತಿಳಿದು ಕುಣಿಯತೊಡಗಿದವು. ಬೆಥನಿ ಅವಳ ತೋಳಿಗೆ ಜೋತುಬಿದ್ದು, ಒಳಗೆ ಏನಂತ ಮಾತಾಡ್ದೆ, ಪೂರ್ತಿ ಹೇಳು ಎಂದು ಪೀಡಿಸಿತು. ಹೌದೆಂದು ನಾಲ್ಕು ಮಾತು ಕಟ್ಟಿ ಹೇಳಬಹುದಿತ್ತು. ಆ ಕ್ಷಣಕ್ಕೆ ಯಾರೂ ಸುಳ್ಳೆನ್ನುತ್ತಿರಲಿಲ್ಲ.

"ಒಂದು ಮಾತೂ ಆಡ್ಲಿಲ್ಲ ಪುಟ್ಟಾ. ಆಡೋ ಹಾಗಿರ್ಲಿಲ್ಲ. ನಿಮ್ಮ ಸರದಿ ಬಂದಾಗ ನಾನು ಎದ್ದು ಹೊರಗೆ ಹೋದೆ."

ಬೆಥನಿಯ ಮುಖ ಸಪ್ಪಗಾಯಿತು. "ಮತ್ತೆ ನಮ್ಗೋಸ್ಕರ ಒಳಗೆ ಕೂತಿದ್ದು ಯಾರು?"

ಡೆನೀಸ್ ಇಳಿಜಾರಿನ ಕಡೆ ಬೆರಳು ತೋರಿಸಿದಳು. ಭವನದ ಗೋಡೆಗಂಟಿದ ಮನೆಯ ಮುಂದೆ ಕ್ಲೈವ್ ಬಾಗಿ ಬೀಗದ ಕಿಂಡಿ ಹುಡುಕುತ್ತಿದ್ದ. ಹುಡುಗಿ ಬಹಳ ಹೊತ್ತು ಆ ಕಡೆಯೇ ನೋಡಿತು.

ಮುಂದಿನ ಮಂಗಳವಾರ ಡೆನೀಸ್ ಮಹಡಿ ಹತ್ತುವ ಹೊತ್ತಿಗೆ ಸೆಖೆ ಸೆಖೆ ಎಂದು ಮಕ್ಕಳು ಗೊಣಗುತ್ತಿದ್ದವು. ಒಂದನ್ನು ಬಿಟ್ಟು ಕಿಟಕಿಗಳೆಲ್ಲ ಮುಚ್ಚಿದ್ದವು. ಕೊನೆಯ ಕಿಟಕಿಯ ಚಿಲಕ ತುಕ್ಕು ಹಿಡಿದು ಕೂತಿತ್ತು. ಬೆಥನಿ ಹಾರ್ನನ್ನು ಕುರ್ಚಿಯ ಮೇಲಿಟ್ಟು, ಎರಡೂ ಕೈಯಿಂದ ಆ ಚಿಲಕವನ್ನು ಒತ್ತಿ ಹಾಕುತ್ತಿತ್ತು.